ವಿರೋಧಿಸುವವರು ಮೊದಲೇ ಅನುಮತಿ ಪಡೆಯಬೇಕು

ಧಾರವಾಡದ ಕಾಲೇಜೊಂದರ ಚರ್ಚಾಕೂಟಕ್ಕೆ ಜನ ಬರುತ್ತಿಲ್ಲವಂತೆ. ಕಾರಣ ಹುಡುಕಲು ಸಮಿತಿ ರಚನೆಯಾಯಿತು. ಸಮಿತಿಯ ಮೊದಲ ಸಭೆ ಕೋರಂ ಇಲ್ಲದೆ ಮುಂದೆ ಹೋಯಿತು. ಎರಡನೆಯ ಸಭೆಯಲ್ಲಿ ವಿದ್ಯಾರ್ಥಿಗಳ ನಿರಾಸಕ್ತಿಯ ಬಗ್ಗೆ ತೀವ್ರ ಕಳವಳ ವ್ಯಕ್ತವಾಯಿತು.

ಆಮೇಲೆ ಹೊರಬಿದ್ದ ಸುತ್ತೋಲೆ ಓದುವಂತಿದೆ. ಚರ್ಚೆಗೆ ಬಂದವರಿಗೆ ಪ್ರಮಾಣಪತ್ರ, ಉಪ್ಪಿಟ್ಟು ಮತ್ತು ಹಾಜರಾತಿ. ಶೇ 75 ಮುಟ್ಟಲು ಒದ್ದಾಡುವವರಿಗೆ ಇದಕ್ಕಿಂತ ದೊಡ್ಡ ಪ್ರಸಾದವಿಲ್ಲ. ಉಪ್ಪಿಟ್ಟನ್ನು ಕೊನೆಯಲ್ಲೇ ಹಂಚಬೇಕು, ಅಲ್ಲಿಯವರೆಗೆ ಸಭಾಂಗಣದ ಹಿಂಬಾಗಿಲಿಗೆ ಚಿಲಕ ಹಾಕಿರಬೇಕು ಎಂಬ ಸೂಚನೆಯೂ ಇದೆ. ತಮ್ಮ ವಾಗ್ಮಿಗಳ ಮೇಲೆ ಸಮಿತಿಗೆ ಅಷ್ಟು ಭರವಸೆ!

ವಿಷಯ: 'ಮೊಬೈಲ್ ಯುವಜನರಿಗೆ ಶಾಪ'. ಹೆಸರು ನೋಂದಾಯಿಸಲು ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಈ ಹುಡುಗರ ಅಪ್ಪಂದಿರೂ ಇದೇ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವರು. ಆಗ ಶಾಪದ ಜಾಗದಲ್ಲಿ ಟಿವಿ ಇತ್ತು, ಅಷ್ಟೆ.

ವಿದ್ಯಾರ್ಥಿನಿಯೊಬ್ಬಳು ಬೇರೆ ವಿಷಯ ಸೂಚಿಸಿದಳು: ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಬೇಕೇ? 1962ರಿಂದ ಹುಬ್ಬಳ್ಳಿಯೊಂದಿಗೆ ಒಂದೇ ಪಾಲಿಕೆಯಲ್ಲಿ ಸಂಸಾರ ಹೂಡಿದ ಊರು ಇದು. 2025ರ ಜನವರಿಯಲ್ಲಿ ಸಚಿವ ಸಂಪುಟವೇ ಬೇರೆ ಮನೆಗೆ ಒಪ್ಪಿಗೆ ಕೊಟ್ಟಿತು. ಆಸ್ತಿ ಯಾರಿಗೆ, ಸಾಲ ಯಾರ ತಲೆಗೆ, ನೀರು ಯಾರಿಗೆ ಮೊದಲು ಎಂದು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ವಾದಿಸುವ ಹುಡುಗರಿದ್ದಾರೆ. ಅವರಿಗೆ ಉಪ್ಪಿಟ್ಟಿನ ಆಸೆ ತೋರಿಸಬೇಕಾಗಿಲ್ಲ, ಬಾಗಿಲಿಗೆ ಚಿಲಕವೂ ಬೇಡ. ಆದರೆ ಸಮಿತಿ 'ಭಿನ್ನಾಭಿಪ್ರಾಯಕ್ಕೆ ಆಸ್ಪದವಾದೀತು' ಎಂದು ಷರಾ ಬರೆದು ಅರ್ಜಿ ಹಿಂದಿರುಗಿಸಿತು.

ಉದ್ಘಾಟಕರು ವಾಡಿಕೆಯಂತೆ 1890ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಮರಿಸಿದರು. ಮರಾಠಿಯ ಪ್ರಾಬಲ್ಯಕ್ಕೆ ತಕರಾರು ಎತ್ತಿದವರೇ ಆ ಸಂಘ ಕಟ್ಟಿದವರು ಎಂಬ ಮಾತು ಮಾತ್ರ ಭಾಷಣದಲ್ಲಿ ಬರಲಿಲ್ಲ. ತಕರಾರಿಗೆ ಮೂರು ದಿನ ಮೊದಲು ಅರ್ಜಿ ಹಾಕಬೇಕೆಂಬ ನಿಯಮ ಆಗ ಇರಲಿಲ್ಲವೇನೋ. ಈಗ ಇದೆ: ವಿರೋಧವಾಗಿ ಮಾತನಾಡುವವರು ಭಾಷಣದ ಪ್ರತಿ ಒಪ್ಪಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಳ್ಳಬೇಕು. ಸಹಜವಾಗಿಯೇ ವಿರೋಧಿಸಲು ಯಾರೂ ಹೆಸರು ಕೊಡಲಿಲ್ಲ. ಮೂರೂ ಬಹುಮಾನ ಪರವಾಗಿ ಮಾತನಾಡಿದವರಿಗೇ ಸಂದವು. ತೀರ್ಪು ಅವಿರೋಧ.

ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಸ್ಥಳ, ಸಮಯ ಸಮೇತ ಫೋಟೊ ಬೇಕಲ್ಲ! ಖಾಲಿ ಕುರ್ಚಿ ಕಾಣದಿರಲೆಂದು ಎನ್‌ಸಿಸಿ ಹುಡುಗರನ್ನು ಕವಾಯತಿನಿಂದ ನೇರವಾಗಿ ಕರೆತಂದು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಚಪ್ಪಾಳೆ ಬಹಳ ಶಿಸ್ತಿನಿಂದ ಬಿತ್ತು.