ಎಷ್ಟು ರೇಸುಗಳ ಅಂಕ ಲೆಕ್ಕಕ್ಕೆ ಬರಬೇಕು?

ಇಡೀ ಋತುವಿನಲ್ಲಿ ಗಳಿಸಿದ ಎಲ್ಲ ಅಂಕಗಳನ್ನೂ ಕೂಡಿಸಿ ಅಡ್ವೆಂಚರ್ ರೇಸಿಂಗ್ (ಕಾಡುಮೇಡುಗಳಲ್ಲಿ ನಡಿಗೆ, ಸೈಕಲ್ಲು, ದೋಣಿಗಳ ಮೂಲಕ ದೂರ ಕ್ರಮಿಸುವ ತಂಡಸ್ಪರ್ಧೆ) ತಂಡಗಳಿಗೆ ಸ್ಥಾನ ನೀಡುವುದೇ ನ್ಯಾಯ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವುದನ್ನು ನಾನು ಒಪ್ಪಲಾರೆ. ಹಾಗೆ ಮಾಡಿದರೆ ಪಟ್ಟಿಯ ಮೇಲಿನ ಸ್ಥಾನಗಳು ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಪ್ರಯಾಣದ ವೆಚ್ಚ ಭರಿಸಬಲ್ಲವರ ಪಾಲಾಗುತ್ತವೆ. ಈ ಕ್ರೀಡೆಯ ವಿಶ್ವ ಸರಣಿಯ ರೇಸುಗಳು ಹಲವು ಖಂಡಗಳಲ್ಲಿ ಹರಡಿರುವಾಗ, ಬೆಂಗಳೂರಿನಿಂದ ನಾಲ್ವರು ಸೈಕಲ್ಲು, ಹುಟ್ಟು, ಹಗ್ಗಗಳ ಸಮೇತ ವಿಮಾನ ಹತ್ತುವುದು, ನಾಲ್ವರಿಗೂ ಒಟ್ಟಿಗೆ ರಜೆ ಸಿಗುವುದು ವರ್ಷಕ್ಕೊಮ್ಮೆ ಸಾಧ್ಯವಾದರೂ ದೊಡ್ಡದು. ಆದ್ದರಿಂದ ಅತ್ಯುತ್ತಮವಾದ ಕೆಲವೇ ಫಲಿತಾಂಶಗಳನ್ನು ಪರಿಗಣಿಸಿ, ಪ್ರಬಲ ತಂಡಗಳು ಸೇರಿದ ರೇಸಿಗೆ ಹೆಚ್ಚು ಅಂಕ ಕೊಡುವ ಕ್ರಮವೇ ಮೇಲು.

ಲೇಖನದಲ್ಲಿ ಬಾರದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮಹಿಳೆಯರೂ ಪುರುಷರೂ ಇರಬೇಕಾದ ನಾಲ್ವರ ತಂಡವು ನಕ್ಷೆ, ದಿಕ್ಸೂಚಿಗಳ ನೆರವಿನಿಂದ ಹಗಲಿರುಳು ಒಟ್ಟಿಗೇ ಸಾಗಬೇಕು. ಪಾದವೆಲ್ಲ ಬೊಬ್ಬೆಯೆದ್ದು ಒಬ್ಬರು ಹಿಂದೆ ಸರಿದರೆ, ಉಳಿದ ಮೂವರು ಗುರಿ ಮುಟ್ಟಿದರೂ ಪೂರ್ಣ ತಂಡಗಳ ಸಾಲಿನಲ್ಲಿ ಅವರಿಗೆ ಸ್ಥಾನವಿಲ್ಲ. ಕಠಿಣವೆನಿಸಿದರೂ ಈ ಕ್ರೀಡೆಯ ಜೀವಾಳವೇ ಅದು, ಸಡಿಲಿಸಬಾರದು. ಹಾಗಿರುವಾಗ, ಒಂದೇ ಹೆಸರಿನಲ್ಲಿ ಪ್ರತಿ ರೇಸಿಗೂ ಬೇರೆ ಬೇರೆ ಸದಸ್ಯರನ್ನು ಇಳಿಸುವ ತಂಡವೊಂದು ಋತುವಿಡೀ ಅಂಕ ಕೂಡಿಟ್ಟುಕೊಳ್ಳುವುದು ಸರಿಯೇ? ಕನಿಷ್ಠ ಇಬ್ಬರಾದರೂ ಎಲ್ಲ ರೇಸುಗಳಲ್ಲೂ ಅವರೇ ಆಗಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.