ಅಕ್ಕಿ ಸಂಡಿಗೆ, ರಾಗಿ ಬಣ್ಣ

ಮೊನ್ನೆ ಬೆಳಗ್ಗೆ ನಮ್ಮ ರಸ್ತೆಗೆ ಕಸ ಗುಡಿಸುವ ಯಂತ್ರ ಬಂದಿತ್ತು. ಲಾರಿಯಷ್ಟು ದೊಡ್ಡದು, ಕೆಳಗೆ ಗಿರಗಿರ ತಿರುಗುವ ಬ್ರಷ್ಷು. ಎರಡೂ ಬದಿ ಕಾರು ನಿಂತಿದ್ದರಿಂದ ಮಣ್ಣು ಗುಡ್ಡೆಯಾಗಿದ್ದ ಅಂಚಿಗೆ ಅದು ಹೋಗಲೇ ಇಲ್ಲ. ನಡುರಸ್ತೆಯಲ್ಲಿದ್ದ ಚೂರುಪಾರು ಧೂಳನ್ನು ಎಬ್ಬಿಸಿ, ಎಲ್ಲ ಮನೆಯ ಕಿಟಕಿಗೂ ಸಮನಾಗಿ ಹಂಚಿ ಹೊರಟುಹೋಯಿತು. ನಮ್ಮ ಬೀದಿಗೆ ನೀರು ಬಿಡುವವರೂ ಇಷ್ಟು ನಿಷ್ಪಕ್ಷಪಾತಿಗಳಲ್ಲ.

ನಗಬೇಡಿ, ಗಾಳಿ ಶುದ್ಧ ಮಾಡೋದು ಅಂದ್ರೆ ಇದೇ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಗಿದ್ದು 2019ರಲ್ಲಿ. 2024ರೊಳಗೆ ಗಾಳಿಯಲ್ಲಿ ತೇಲುವ ಧೂಳು-ಹೊಗೆಯ ಕಣಗಳನ್ನು ಶೇ 20ರಿಂದ 30ರಷ್ಟು ಇಳಿಸುತ್ತೇವೆ ಅಂದರು. ಆಮೇಲೆ ಗುರಿ ಶೇ 40ಕ್ಕೆ ಏರಿತು, ಗಡುವು 2026ಕ್ಕೆ ಜಾರಿತು. ಪಟ್ಟಿಯಲ್ಲಿ ಸುಮಾರು 130 ಊರು. ನಮ್ಮ ಕಡೆಯಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಈ ಊರುಗಳಿಗೆ ಅಂಕ ಕೊಡೋದು ಮುಖ್ಯವಾಗಿ ದಪ್ಪ ಕಣ ನೋಡಿ, ಅಂದರೆ ಪಿಎಂ 10. ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುವ ಸಣ್ಣ ಕಣ, ಪಿಎಂ 2.5 ಇದೆಯಲ್ಲ, ಅದು ಕಣ್ಣಿಗೆ ಕಾಣಲ್ಲ, ರಿಬ್ಬನ್ ಕತ್ತರಿಸೋ ಫೋಟೋದಲ್ಲೂ ಬರಲ್ಲ. ಈ ಕಾರ್ಯಕ್ರಮದ ದುಡ್ಡಲ್ಲಿ ಶೇ 64 ರಸ್ತೆ ಧೂಳಿಗೇ ಹೋಗಿದೆ ಅಂತ ದೆಹಲಿಯ ಪರಿಸರ ಅಧ್ಯಯನ ಸಂಸ್ಥೆ ಸಿಎಸ್‌ಇ 2024ರಲ್ಲಿ ಲೆಕ್ಕ ಕೊಟ್ಟಿತು. ಕಾರ್ಖಾನೆ ಹೊಗೆಗೆ ಎಷ್ಟು ಗೊತ್ತಾ? ಶೇ 0.61. ಮಂಗಳಾರತಿ ತಟ್ಟೆಗೆ ಚಿಲ್ಲರೆ ಹಾಕಿದ ಹಾಗೆ.

ದೆಹಲಿಯವರದ್ದು ಇನ್ನೂ ದೊಡ್ಡ ಮನಸ್ಸು. 20 ಕೋಟಿಗೂ ಜಾಸ್ತಿ ಸುರಿದು ಕನಾಟ್ ಪ್ಲೇಸಿನಲ್ಲಿ ಗೋಪುರ ಕಟ್ಟಿ ಊರಿನ ಗಾಳಿ ಸೋಸಲು ಹೊರಟರು, ಆಮೇಲೆ ಬೀಗ. 2025ರ ಅಕ್ಟೋಬರಿನಲ್ಲಿ ವಿಮಾನ ಹಾರಿಸಿ ಮೋಡ ಬಿತ್ತಿದರು, ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ನಮ್ಮೂರಲ್ಲಾದರೆ ಕಪ್ಪೆ ಮದುವೆ ಮಾಡಿಸುತ್ತಿದ್ದರು, ಖರ್ಚಾದರೂ ಕಮ್ಮಿ, ಊಟನೂ ಇರ್ತಿತ್ತು.

ನಾವು ದೆಹಲಿಗಿಂತ ವಾಸಿ, ಅಲ್ವಾ? ಬೆಂಗಳೂರಿನವರ ಜಪ ಇದು. ಪಾಸ್ ಮಾರ್ಕೂ ನಮಗೆ ಅನುಕೂಲವಾಗೇ ಇದೆ. ಸಣ್ಣ ಕಣ ವರ್ಷದ ಸರಾಸರಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 2009ರಿಂದಲೂ 40. ಹಾಗಾಗಿ 39 ಬಂದರೂ ನಾವು ಪಾಸು.

ತಮಾಷೆ ಸಾಕು. ಪಕ್ಕದ ಮನೆ ಹುಡುಗಿ ಮೂರನೇ ಕ್ಲಾಸು, ಸ್ಕೂಲ್ ಬ್ಯಾಗಿನಲ್ಲಿ ಜಾಮಿಟ್ರಿ ಬಾಕ್ಸ್ ಜೊತೆ ಇನ್ಹೇಲರ್ ಇಟ್ಟುಕೊಂಡು ಹೋಗುತ್ತೆ. ಅವಳಿಗೆ ಯಾವ ಸರಾಸರಿ ತೋರಿಸ್ತೀರಿ? ಮೂಲೆಯಲ್ಲಿ ದಿನಾ ಒಣಗಿದ ಎಲೆ, ಪ್ಲಾಸ್ಟಿಕ್ಕು ಸುಡ್ತಾರೆ. ಎಷ್ಟು ಸಲ ಹೇಳೋದು, ಯಾರಿಗೆ ಹೇಳೋದು? ಸುಸ್ತಾಗಿದೆ.

ಅವತ್ತು ಅಮ್ಮ ಮಹಡಿ ಮೇಲೆ ಸಂಡಿಗೆ ಇಟ್ಟಿದ್ದರು. ಕಾಗೆ ಮುಟ್ಟದಿರಲಿ ಅಂತ ಮೇಲೆ ತೆಳ್ಳಗಿನ ಪಂಚೆ. ಮೊಬೈಲಿನಲ್ಲಿ ನೋಡಿದೆ, ಗಾಳಿ ‘ತೃಪ್ತಿಕರ’. ಸಂಜೆ ಪಂಚೆ ತೆಗೆಯುವಾಗ ಎದುರುಮನೆ ಆಂಟಿ ತಮ್ಮ ಮಹಡಿಯಿಂದಲೇ ಕೇಳಿದರು: “ರಾಗಿ ಸಂಡಿಗೆನಾ?”

ಅಮ್ಮ ಒಂದು ಸಂಡಿಗೆ ಎತ್ತಿ ಉಫ್ ಅಂತ ಊದಿದರು. “ಅಕ್ಕೀದು ಕಣ್ರೀ.”