ಸುಮ್ನೆ ಯಾಕೆ ಉರೀಬೇಕು?

ಕಳೆದ ಶನಿವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ತೀರಿಸಿಕೊಳ್ಳೋಣ ಅಂದ್ರೆ ಎದುರಿಗಿರುವವರು ಹೆಣ್ಣು ಕೊಟ್ಟ ಮಾವ.

ಬೆಂಗಳೂರಿನ ಆಕಾಶದಲ್ಲಿ ನಕ್ಷತ್ರಕ್ಕಿಂತ ಬೀದಿದೀಪವೇ ಜಾಸ್ತಿ. ಹಾಗಾಗಿ ಅಮಾವಾಸ್ಯೆ ಹತ್ತಿರ ಬಂತು ಅಂದ್ರೆ ಎಂಟಿಂಚಿನ ಟೆಲಿಸ್ಕೋಪನ್ನು ಕಾರಿಗೆ ಹೇರಿಕೊಂಡು ಗೌರಿಬಿದನೂರು ಕಡೆ, ಹೆಂಡತಿಯ ತವರಿಗೆ ಹೊರಡುತ್ತೇನೆ. ಅಳಿಯನಿಗೆ ನಮ್ಮನ್ನು ಕಂಡರೆ ಎಷ್ಟು ಪ್ರೀತಿ ಅಂತ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಾಗೇ ಇರಲಿ.

ಮಾಗಿಯಲ್ಲಿ ನಮ್ಮ ಶತ್ರು ಇಬ್ಬನಿ. ರಾತ್ರಿಯಿಡೀ ಬಯಲು ಆಕಾಶಕ್ಕೆ ಮುಖ ಮಾಡಿ ನಿಂತ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಆಮೇಲೆ ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ ಬೆವರುತ್ತೆ. ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಲೇಪ ಹಾಳು. ಅದಕ್ಕೇ ಡ್ಯೂ ಹೀಟರ್ ಅಂತ ಒಂದು ಬಿಸಿ ಪಟ್ಟಿ. ಟೆಲಿಸ್ಕೋಪಿನ ಕತ್ತಿಗೆ ಮಫ್ಲರ್ ಸುತ್ತಿದ ಹಾಗೆ ಕಟ್ಟಬೇಕು. ಗಾಜು ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು. (ಅದೇ ಗೌರಿಬಿದನೂರಿನಲ್ಲಿ ಹೊಲದ ತುಂಬ ಹರಡಿಕೊಂಡ ರೇಡಿಯೋ ಟೆಲಿಸ್ಕೋಪ್ ಇದೆ. ಅದಕ್ಕೆ ಗಾಜೂ ಇಲ್ಲ, ಈ ಚಿಂತೆಯೂ ಇಲ್ಲ. ಪುಣ್ಯವಂತ.)

ಹೀಟರಿಗೆ ಬ್ಯಾಟರಿ ಬೇಕಲ್ಲ? ಕಂಪ್ಯೂಟರ್ ಯುಪಿಎಸ್ ಒಳಗಿರುತ್ತಲ್ಲ, ಇಟ್ಟಿಗೆಯಂಥದ್ದು, 12 ವೋಲ್ಟ್, 7 ಆಂಪಿಯರ್ ಅವರ್ (ಲೆಕ್ಕಕ್ಕೆ, ಒಂದು ಆಂಪಿಯರ್ ಎಳೆದರೆ ಏಳು ಗಂಟೆ), ಅಂಥವೆರಡು ತಂದೆ. ಅಂಗಡಿಯವನು "ಯಾವ ಗಾಡಿಗೆ ಸಾರ್?" ಅಂದ. ಟೆಲಿಸ್ಕೋಪಿಗೆ, ಇಬ್ಬನಿ ಹಿಡಿಯದ ಹಾಗೆ ಬೆಚ್ಚಗಿಡೋಕೆ ಅಂದೆ. ಹುಡುಗನ ಕಡೆ ತಿರುಗಿ, "ಸಾರ್‌ಗೆ ಬಿಲ್ ಬೇಗ ಮಾಡು" ಅಂದ.

ಲೆಕ್ಕವೇನೋ ಪಕ್ಕಾ ಇತ್ತು. ಪೂರ್ತಿ ಬಿಸಿಗೆ ಒಂದು ಆಂಪಿಯರ್, ಬಿಸಿ ಏರಿಳಿಸುವ ಡಬ್ಬಿಯ ನಾಬ್ ಅರ್ಧಕ್ಕಿಟ್ಟರೆ ಅರ್ಧ. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಹಿಂಡಬಾರದು. ಆದರೂ ಒಂದೊಂದಕ್ಕೆ ಏಳು ಗಂಟೆ. ಲೆಕ್ಕದಲ್ಲಿ ಮಾವ ಇರಲಿಲ್ಲ.

ಮಾವನಿಗೆ ಉರಿಯುತ್ತಿರುವುದನ್ನು ಕಂಡರೆ ಆಗುವುದಿಲ್ಲ. ನೀರು ಕುಡಿದು ಬರುವಷ್ಟರಲ್ಲಿ ಫ್ಯಾನ್ ಆಫ್. ಫೋನು ಚಾರ್ಜಿಗಿಟ್ಟು ಮಲಗಿದರೆ ಬೆಳಗ್ಗೆ ಇದ್ದಷ್ಟೇ ಇರುತ್ತೆ. ನಾದಿನಿಯ ಮದುವೆಗೆ ಮನೆ ಮುಂದೆ ಸೀರಿಯಲ್ ಸೆಟ್ ಹಾಕಿಸಿದ್ದರು. ರಾತ್ರಿ ಒಂಬತ್ತಕ್ಕೆ ಅದೂ ಆಫ್. ಬೀಗರು ಕತ್ತಲಲ್ಲೇ ಬಂದಿಳಿದರು. ಕೇಳಿದರೆ ಒಂದೇ ಮಾತು: "ಸುಮ್ನೆ ಯಾಕೆ ಉರೀಬೇಕು?"

ಅವತ್ತು ಮುದ್ದೆ ಆರುತ್ತೆ ಅಂತ ಅತ್ತೆ ಕರೆದರು. ಉಂಡು ಬರುವಷ್ಟರಲ್ಲಿ ಹೀಟರಿನ ಕೆಂಪು ದೀಪ ಆರಿತ್ತು. ಬ್ಯಾಟರಿ ಸತ್ತಿದೆ ಅಂದುಕೊಂಡೆ. ಟಾರ್ಚ್ ಹಾಕಿದರೆ ಕಣ್ಣು ಕತ್ತಲಿಗೆ ಹೊಂದೋಕೆ ಮತ್ತೆ ಅರ್ಧ ಗಂಟೆ, ಹಾಗಾಗಿ ತಡವಿಕೊಂಡೇ ಇನ್ನೊಂದನ್ನು ಸಿಕ್ಕಿಸಿದೆ. ಅದೂ ಸತ್ತಿದೆ! ಅಂಗಡಿಯವನ ವಂಶಕ್ಕೆಲ್ಲ ಅರ್ಚನೆ ಆಯಿತು. ಅಷ್ಟರಲ್ಲಿ ಓರಿಯನ್ ನೆಬ್ಯುಲಾ ಅನ್ನೋ ನಕ್ಷತ್ರ ಹುಟ್ಟುವ ಮೋಡ ಹೋಗಿ ಉಗಿ ಹಿಡಿದ ಬಚ್ಚಲ ಕನ್ನಡಿಯಾಗಿತ್ತು.

ಕೊನೆಗೆ ನಾಬಿನ ಡಬ್ಬಿ ಬಿಚ್ಚಿಟ್ಟು ಪಟ್ಟಿಯನ್ನು ನೇರವಾಗಿ ಕಾರಿನ ಸಾಕೆಟ್ಟಿಗೆ ಕೊಟ್ಟೆ. ಕೀ ಅರ್ಧ ತಿರುಗಿಸಿಟ್ಟೆ. ಗಾಜು ಅಂಚಿನಿಂದ ಒಂದೊಂದೇ ಬೆರಳು ತಿಳಿಯಾಗುತ್ತಾ ಬಂತು. ಆ ಖುಷಿಗೆ ಕಾಫಿ ಬಿಸಿ ಮಾಡಿಕೊಳ್ಳೋಕೆ ಒಳಗೆ ಹೋದೆ. ಬಂದು ನೋಡಿದರೆ ಕಾರೂ ಕತ್ತಲು, ಕೀಯೇ ಇಲ್ಲ.

"ಇನ್ನೂ ಮಲಗಿಲ್ವಾ ಅಳಿಯಂದ್ರೆ?" ಕಂಬಳಿ ಹೊದ್ದ ಮಾವ. ಕೈಯಲ್ಲಿ ನನ್ನ ಕೀ. "ಕಾರಲ್ಲಿ ದೀಪ ಹಾಗೇ ಬಿಟ್ಟಿದ್ರಿ. ಆಗ್ಲೇ ಆ ಡಬ್ಬೀದೂ ನಾನೇ ಆರಿಸ್ದೆ. ನೀವು ಊಟಕ್ಕೆ ಹೋಗಿದ್ರಲ್ಲ."

ಏನು ಹೇಳಲಿ? ಬೆಳಗ್ಗೆ ಕಾರು ತಳ್ಳುವುದನ್ನು ತಪ್ಪಿಸಿದವರೂ ಅವರೇ ಇರಬಹುದು. ಅಂಗಡಿಯವನಿಗೆ ಮನಸ್ಸಲ್ಲೇ ಕ್ಷಮೆ ಕೇಳಿದೆ.

ಮಾವ ತಲೆಯೆತ್ತಿ ಪಡುವಣಕ್ಕೆ ನೋಡಿದರು. "ಕೃತ್ತಿಕೆ ಮುಳುಗಕ್ಕೆ ಬಂತು. ಎರಡಾಗಿರ್ಬೇಕು." ಫೋನ್ ನೋಡಿದೆ. ಎರಡಕ್ಕೆ ಐದು ನಿಮಿಷ. ಗಡಿಯಾರವಿಲ್ಲದ ಕಾಲದಲ್ಲಿ ಅವರಪ್ಪ ಇದನ್ನು ನೋಡಿಯೇ ಎತ್ತು ಹೂಡೋಕೆ ಎಬ್ಬಿಸುತ್ತಿದ್ದರಂತೆ. ಇಬ್ಬರೂ ಸ್ವಲ್ಪ ಹೊತ್ತು ಮಾತಿಲ್ಲದೆ ನೋಡುತ್ತಾ ನಿಂತೆವು. ಗಾಜಿಲ್ಲ, ಬ್ಯಾಟರಿ ಇಲ್ಲ. ಎಲ್ಲೂ ಒಂದು ದೀಪವೂ ಇರಲಿಲ್ಲ, ಅದೂ ಅವರ ಕೃಪೆಯೇ.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಪಂಪ್‌ಹೌಸಿನ ಬಲ್ಬು ಝಗ್ಗನೆ ಹತ್ತಿಕೊಂಡು ನನ್ನ ಕಣ್ಣಿಗೇ ಹೊಡೆಯಿತು. ಮಾವ ಮೋಟಾರ್ ಹಾಕೋಕೆ ಓಡಿದರು.

"ಆ ಬಲ್ಬು ಆರಿಸಬಹುದಾ ಮಾವ?"

"ಅಯ್ಯೋ, ಅದನ್ನ ಆರಿಸಿದ್ರೆ ಕರೆಂಟು ಬಂದಿದ್ದು ಹೋಗಿದ್ದು ಹೆಂಗೆ ಗೊತ್ತಾಗುತ್ತೆ?"

ಬೆಳಗಾಗುವವರೆಗೂ ಉರಿಯಿತು.